ಸಾಂಬ್ರಾದಿಂದ ಸ್ಟುಟ್‌ಗಾರ್ಟ್‌ಗೆ: ನಡುವಿನ ವಿಮಾನ ಕೈತಪ್ಪದಂತೆ

"ಅಕ್ಕಾರ, ಫ್ರಾಂಕ್‌ಫರ್ಟಿನ್ಯಾಗ ನಡುವ ಬರೇ ಒಂದೂಕಾಲ ತಾಸ ಐತಿ. ಆಗತೈತೇನ್ರಿ?"

ಬೆಳಗಾವಿಯ ಟಿಳಕವಾಡಿಯ ನನ್ನ ಟಿಕೆಟ್ ಅಂಗಡಿಯಲ್ಲಿ ಪದೇ ಪದೇ ಕೇಳಿಬರುವ ಮಾತಿದು. ಕೇಳುವವರು ಉದ್ಯಮಬಾಗದ ಫೌಂಡ್ರಿಯಿಂದ ಜರ್ಮನಿಗೆ ಹೊರಟ ಕ್ವಾಲಿಟಿ ಎಂಜಿನಿಯರ್ ಇರಬಹುದು, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಗೋಕಾಕದ ತಾಯಿ ಇರಬಹುದು, ಎಂ.ಎಸ್. ಓದಲು ಹೊರಟ ಜಮಖಂಡಿಯ ಹುಡುಗ ಇರಬಹುದು. ಉತ್ತರ ಕೊಡುವ ಮೊದಲು ನಾನೇ ತಿರುಗಿ ಕೇಳುತ್ತೇನೆ: "ಅದಿರಲಿ, ಬೆಂಗಳೂರಿನ್ಯಾಗ ಎಷ್ಟ ತಾಸ ಇಟ್ಟೀರಿ?"

ಬೆಂಗಳೂರನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕನ್ನಡ ನಡೆಯುತ್ತದೆ, ಏನಾದರೂ ಆದರೆ ಬೀಗರ ಮನೆ ಇದೆ ಎಂಬ ಧೈರ್ಯ. ಆದರೆ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹೊರಡುವವರಿಗೆ ಎಲ್ಲಕ್ಕಿಂತ ಇಕ್ಕಟ್ಟಿನ ಕನೆಕ್ಷನ್, ಅಂದರೆ ನಡುವೆ ವಿಮಾನ ಬದಲಿಸುವ ಜಾಗ, ಅದೇ. ಫ್ರಾಂಕ್‌ಫರ್ಟಿನಲ್ಲಿ ತಪ್ಪಿದರೆ ಸಾಮಾನ್ಯವಾಗಿ ವಿಮಾನ ಕಂಪನಿಯೇ ಇನ್ನೊಂದು ವಿಮಾನ ಹತ್ತಿಸುತ್ತದೆ. ಬೆಂಗಳೂರಿನಲ್ಲಿ ತಪ್ಪಿದರೆ ಇಡೀ ಟಿಕೆಟ್ಟಿನ ದುಡ್ಡು ಅಲ್ಲೇ ಮಣ್ಣುಪಾಲಾಗಬಹುದು. ಇದು ತಿಳಿಯಬೇಕಾದರೆ ಮೊದಲು ಟಿಕೆಟ್ ಓದಲು ಬರಬೇಕು.

ಒಂದು ಟಿಕೆಟ್ಟೋ, ಎರಡೋ

ಟಿಕೆಟ್ ಮೇಲೆ ಆರು ಅಕ್ಷರ-ಅಂಕಿಗಳ ಪಿಎನ್‌ಆರ್ ಇರುತ್ತದೆ. ನೀವು ಹತ್ತುವ ಎಲ್ಲ ವಿಮಾನಗಳೂ ಒಂದೇ ಟಿಕೆಟ್ಟಿನಲ್ಲಿದ್ದರೆ ಕೊನೆಯ ಊರಿಗೆ ನಿಮ್ಮನ್ನು ಮುಟ್ಟಿಸುವ ಹೊಣೆ ಕಂಪನಿಯದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿತೋ, ಮುಂದಿನ ವಿಮಾನದಲ್ಲಿ ಸೀಟು ಕೊಡುವುದು ಅವರ ಕೆಲಸ. ಬ್ಯಾಗನ್ನು ಹಿಂದೆಯೇ ಕಳಿಸುವುದೂ ಅವರ ಕೆಲಸ.

ಸಾಂಬ್ರಾ–ಬೆಂಗಳೂರು ಒಂದು ಟಿಕೆಟ್, ಬೆಂಗಳೂರು–ಸ್ಟುಟ್‌ಗಾರ್ಟ್ ಬೇರೆ ಟಿಕೆಟ್ ಆದರೆ ಮಾತು ಬೇರೆ. ಎರಡನೆಯ ಕಂಪನಿಗೆ ನಿಮ್ಮ ಮೊದಲ ವಿಮಾನದ ಸುದ್ದಿಯೇ ಗೊತ್ತಿಲ್ಲ. ಅವರ ಪಾಲಿಗೆ ನೀವು ಮನೆಯಲ್ಲೇ ಮಲಗಿಬಿಟ್ಟವರು, ನೋ-ಶೋ. ಸಾಂಬ್ರಾದಲ್ಲಿ ಮಳೆ ಹೊಡೆದದ್ದು, ರನ್‌ವೇ ಕಾಣದೆ ವಿಮಾನ ಇಳಿಯದೇ ತಿರುಗಿ ಹೋದದ್ದು ಅವರಿಗೆ ಬೇಕಾಗಿಲ್ಲ. ಆನ್‌ಲೈನಿನಲ್ಲಿ ಕಣ್ಣಿಗೆ ಅಗ್ಗ ಕಾಣುವ ಕೆಲವು ಟಿಕೆಟ್‌ಗಳೂ ಇದೇ ಜಾತಿಯವು. ಮೂಲೆಯಲ್ಲೆಲ್ಲೋ ಸಣ್ಣಕ್ಷರದಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ ಎಂದು ಬರೆದಿರುತ್ತದೆ. ಹಾಗೆಂದರೆ ನಡುವೆ ಏನಾದರೂ ಆದರೆ ನಿಮ್ಮ ಹಣೆಬರಹ ಎಂದರ್ಥ. ನಾನಂತೂ ಮೊದಲ ಸಲ ಹೋಗುವವರಿಗೆ ಇಂಥ ಟಿಕೆಟ್ ಮಾಡಿಕೊಡುವುದಿಲ್ಲ, ಹತ್ತು ಸಾವಿರ ಉಳಿಯುತ್ತದೆಂದರೂ ಇಲ್ಲ.

ಎರಡು ಟಿಕೆಟ್ಟಿನಲ್ಲಿ ಇನ್ನೊಂದು ಗಂಟಿದೆ, ವೀಸಾ. ಒಂದೇ ಟಿಕೆಟ್ಟಿದ್ದರೆ ಸಾಮಾನ್ಯವಾಗಿ ನಡುವಿನ ಊರಿನಲ್ಲಿ ವಿಮಾನ ನಿಲ್ದಾಣದ ಒಳಗೇ ಇದ್ದು ಮುಂದೆ ಹೋಗಬಹುದು. ಎರಡಿದ್ದರೆ ಬ್ಯಾಗ್ ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕು, ಅಂದರೆ ಇಮಿಗ್ರೇಷನ್ ದಾಟಿ ಆ ದೇಶದೊಳಕ್ಕೆ ಕಾಲಿಡಬೇಕು. ಅದಕ್ಕೆ ವೀಸಾ ಬೇಕು. ಲಂಡನ್ನಿನಲ್ಲಂತೂ ಒಳಗೇ ಕುಳಿತು ವಿಮಾನ ಬದಲಿಸುವ ಭಾರತೀಯರಿಗೂ ಟ್ರಾನ್ಸಿಟ್ ವೀಸಾ ಕೇಳುತ್ತಾರೆ. ಅಮೆರಿಕ, ಕೆನಡಾದಂಥ ಕೆಲವು ದೇಶಗಳ ವೀಸಾ ಇದ್ದವರಿಗೆ ವಿನಾಯಿತಿ ಇದೆ. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಹೋದ ವರ್ಷ ಭಾವ ಹೋಗಿ ಬಂದ ಅನುಭವ ನಂಬಬೇಡಿ. ಟಿಕೆಟ್ಟಿಗೆ ದುಡ್ಡು ಕಟ್ಟುವ ದಿನವೇ ಆ ದೇಶದ ಸರ್ಕಾರಿ ತಾಣ ತೆರೆದು ನೋಡಿ.

ಇದಕ್ಕೆ ತದ್ವಿರುದ್ಧವಾದ ಒಂದು ಅಪಾಯವೂ ಇದೆ. ಸಾಂಬ್ರಾದಿಂದಲೇ ಒಂದೇ ಟಿಕೆಟ್ ಸಿಕ್ಕಿದೆ ಎಂದುಕೊಳ್ಳಿ. ಹಿಂದಿನ ದಿನ ಬೆಂಗಳೂರಿನಲ್ಲಿ ಮದುವೆ ಬಂತು, "ರೈಲಿಗೆ ಹೋಗಿ ಬೆಂಗಳೂರಾಗ ವಿಮಾನ ಹತ್ತತೀವಿ" ಎನ್ನುತ್ತಾರೆ. ಹಾಗೆ ಮಾಡಬೇಡಿ. ಮೊದಲ ತುಂಡನ್ನು ಹಾರದೆ ಬಿಟ್ಟರೆ ಉಳಿದದ್ದೆಲ್ಲ ತಾನಾಗಿ ರದ್ದಾಗುತ್ತದೆ, ವಾಪಸು ಬರುವುದು ಕೂಡ. ಮಳೆಗಾಲದಲ್ಲಿ ಸಾಂಬ್ರಾದ ವಿಮಾನ ರದ್ದಾದಾಗಲೂ ಇದೇ ಎಚ್ಚರ ಬೇಕು. ಕಾರು ಮಾಡಿಕೊಂಡು ಹೈವೇ ಹಿಡಿಯುವ ಮೊದಲು ಕಂಪನಿಗೆ ಫೋನ್ ಮಾಡಿ ಟಿಕೆಟ್ಟನ್ನು ‘ಬೆಂಗಳೂರಿನಿಂದ’ ಎಂದು ಬದಲಿಸಿಕೊಳ್ಳಿ, ಹೊಸ ಟಿಕೆಟ್ ಮೇಲ್‌ಗೆ ಬಂದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಗಾಡಿ ಹತ್ತಿ.

ಬೆಂಗಳೂರಿನ ಗಂಟು

ಎಲ್ಲ ವಿದೇಶಿ ಕಂಪನಿಗಳ ಟಿಕೆಟ್ಟಿನಲ್ಲಿ ಸಾಂಬ್ರಾ ಸೇರುವುದಿಲ್ಲ. ಹಾಗಾಗಿ ನಮ್ಮವರಲ್ಲಿ ಬಹಳ ಜನ ಬೆಂಗಳೂರಿನವರೆಗೆ ಬೇರೆ ಟಿಕೆಟ್ ಮಾಡಿಸಲೇಬೇಕಾಗುತ್ತದೆ. ಅಲ್ಲಿ ಆಗುವುದಿಷ್ಟು. ವಿಮಾನ ಇಳಿದ ಮೇಲೆ ಬೆಲ್ಟಿನ ಹತ್ತಿರ ಬ್ಯಾಗಿಗೆ ಕಾಯಬೇಕು. ಹೊರಗೆ ಬರಬೇಕು. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಎರಡನೇ ಟರ್ಮಿನಲ್ಲಿಗೆ ಹೋಗಿವೆ. ನೀವು ಒಂದನೇ ಟರ್ಮಿನಲ್ಲಿನಲ್ಲಿ ಇಳಿದರೆ ಟ್ರಾಲಿ ತಳ್ಳಿಕೊಂಡು ಶಟಲ್ ಬಸ್ ಹಿಡಿಯಬೇಕು. ಎರಡನೇ ಟರ್ಮಿನಲ್ ಬಾಗಿಲಲ್ಲಿ ಪಾಸ್‌ಪೋರ್ಟು, ಟಿಕೆಟ್ ತೋರಿಸಬೇಕು. ಮತ್ತೆ ಚೆಕ್-ಇನ್ ಸಾಲು, ಇಮಿಗ್ರೇಷನ್ ಸಾಲು, ಸೆಕ್ಯುರಿಟಿ ಸಾಲು. ಅಂತರರಾಷ್ಟ್ರೀಯ ಚೆಕ್-ಇನ್ ಕೌಂಟರನ್ನು ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ತಾಸು ಮೊದಲೇ ಮುಚ್ಚುತ್ತಾರೆ, ಕೆಲವರು 75 ನಿಮಿಷಕ್ಕೇ. ಮುಚ್ಚಿದ ಕೌಂಟರಿನೆದುರು ಕಣ್ಣೀರು ಹಾಕಿದರೂ ನಡೆಯುವುದಿಲ್ಲ.

ಆದ್ದರಿಂದ ಬೇರೆ ಬೇರೆ ಟಿಕೆಟ್ ಇದ್ದರೆ ಸಾಂಬ್ರಾ ವಿಮಾನ ಬೆಂಗಳೂರು ಮುಟ್ಟುವ ಹೊತ್ತಿಗೂ ವಿದೇಶದ ವಿಮಾನ ಹೊರಡುವ ಹೊತ್ತಿಗೂ ನಡುವೆ ಆರು ತಾಸು ಇಡಿ ಎನ್ನುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಂಬ್ರಾದ ಮಳೆ, ಚಳಿಗಾಲದಲ್ಲಿ ಬೆಂಗಳೂರಿನ ಮುಂಜಾವಿನ ಮಂಜು, ಎರಡೂ ವಿಮಾನಗಳನ್ನು ತಾಸುಗಟ್ಟಲೆ ಕೂಡಿಸುತ್ತವೆ. ಆ ದಿನಗಳಲ್ಲಿ ಹೋಗುವವರು, ಅಂದು ಇನ್ನೊಂದು ವಿಮಾನ ಉಳಿದಿರುವಂತೆ ಮೊದಲಿನ ವಿಮಾನಕ್ಕೇ ಟಿಕೆಟ್ ಮಾಡಿಸುವುದು ಚಲೋ.

ತಾರೀಖಿನ ಗೊಂದಲದ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಬೆಂಗಳೂರಿನಿಂದ ಪಶ್ಚಿಮಕ್ಕೆ ಹೋಗುವ ಬಹಳಷ್ಟು ವಿಮಾನಗಳು ಹೊರಡುವುದು ನಡುರಾತ್ರಿಯ ಮೇಲೆ. ಟಿಕೆಟ್ಟಿನಲ್ಲಿ 13ನೇ ತಾರೀಖು, 01:50 ಎಂದಿದ್ದರೆ ನೀವು ವಿಮಾನ ನಿಲ್ದಾಣದಲ್ಲಿ ಇರಬೇಕಾದದ್ದು 12ನೇ ತಾರೀಖು ರಾತ್ರಿ. ಸಾಂಬ್ರಾದ ಟಿಕೆಟ್ 12ರದ್ದೇ ಆಗಬೇಕು. ಓದಿದವರೂ 13ನೇ ತಾರೀಖು ಮಧ್ಯಾಹ್ನದ ಟಿಕೆಟ್ ಹಿಡಿದುಕೊಂಡು ಬರುತ್ತಾರೆ. ನಾನು ಟಿಕೆಟ್ ಪ್ರಿಂಟಿನ ಮೇಲೆ ಪೆನ್ನಿನಿಂದ ‘ಸೋಮವಾರ ರಾತ್ರಿ ಊಟ ಆದ ಮೇಲೆ’ ಎಂದು ಬರೆದುಕೊಡುತ್ತೇನೆ. ಇದು ತಾರೀಖಿಗಿಂತ ಚೆನ್ನಾಗಿ ತಲೆಗೆ ಹೋಗುತ್ತದೆ.

ಇನ್ನು ತೂಕ. ವಿದೇಶದ ಟಿಕೆಟ್ಟಿನಲ್ಲಿ 23 ಕಿಲೋದ ಎರಡು ಬ್ಯಾಗು ಬಿಡುತ್ತಾರೆ ಎಂದು ಖುಷಿಯಿಂದ ತುಂಬಿಸಿರುತ್ತೀರಿ. ದೇಶದೊಳಗಿನ ಅಗ್ಗದ ಟಿಕೆಟ್ಟಿನಲ್ಲಿ ಸಾಮಾನ್ಯವಾಗಿ 15 ಕಿಲೋ ಅಷ್ಟೇ. ಹೆಚ್ಚಿನ ತೂಕಕ್ಕೆ ಸಾಂಬ್ರಾ ಕೌಂಟರಿನಲ್ಲಿ ದುಡ್ಡು ಎಣಿಸುವುದಕ್ಕಿಂತ ಆನ್‌ಲೈನಿನಲ್ಲಿ ಮೊದಲೇ ಕಟ್ಟಿದರೆ ಕಡಿಮೆ ಬೀಳುತ್ತದೆ. ಎರಡು ದೊಡ್ಡ ಬ್ಯಾಗ್ ಇದ್ದವರಿಗೆ ನನ್ನ ಸಲಹೆ ರೈಲು. ರಾಣಿ ಚೆನ್ನಮ್ಮದಲ್ಲಿ ರಾತ್ರಿ ಮಲಗಿದರೆ ಮುಂಜಾನೆ ಯಶವಂತಪುರ. 2025ರ ಆಗಸ್ಟ್‌ನಲ್ಲಿ ಶುರುವಾದ ಬೆಳಗಾವಿ–ಬೆಂಗಳೂರು ವಂದೇ ಭಾರತ್ ಮುಂಜಾನೆ ಹೊರಟು ಮಧ್ಯಾಹ್ನ ಮುಟ್ಟಿಸುತ್ತದೆ. ನಡುರಾತ್ರಿಯ ವಿಮಾನಕ್ಕೆ ಎರಡೂ ಹೊಂದುತ್ತವೆ. ವಿಮಾನವಿದ್ದೂ ರೈಲಿಗೆ ಹೋಗು ಎನ್ನುವ ಟಿಕೆಟ್ ಅಂಗಡಿಯವಳು ನಾನೊಬ್ಬಳೇ ಇರಬೇಕು ಎಂದು ನಮ್ಮ ಮನೆಯವರು ನಗುತ್ತಾರೆ.

ಗೋವಾದ ದಾರಿಯೂ ಇದೆ. ಅಲ್ಲಿನ ವಿಮಾನ ನಿಲ್ದಾಣಗಳಾದ ದಾಬೋಳಿ, ಮೋಪಾ ಎರಡಕ್ಕೂ ಕಾರಿನಲ್ಲಿ ಹೋಗಬಹುದು, ಗಲ್ಫ್ ಕಡೆ ಹೋಗುವವರು ಹಾಗೆ ಹೋಗುತ್ತಾರೆ. ಮಳೆಗಾಲದಲ್ಲಿ ಚೋರ್ಲಾ ಘಾಟ್ ನಂಬಿಕೊಂಡು ಹೋಗುವುದಾದರೆ ಹಿಂದಿನ ದಿನವೇ ಹೋಗಿ ಉಳಿಯಿರಿ.

75 ನಿಮಿಷ ಎಂದರೆ ಎಷ್ಟು

ಈಗ ಫ್ರಾಂಕ್‌ಫರ್ಟಿಗೆ ಬರೋಣ. ಪ್ರತಿ ವಿಮಾನ ನಿಲ್ದಾಣಕ್ಕೂ ‘ಮಿನಿಮಮ್ ಕನೆಕ್ಷನ್ ಟೈಮ್’ ಎಂದು ಒಂದು ಲೆಕ್ಕವಿದೆ. ಅದಕ್ಕಿಂತ ಕಡಿಮೆ ಅಂತರದ ವಿಮಾನಗಳನ್ನು ಒಂದೇ ಟಿಕೆಟ್ಟಿನಲ್ಲಿ ನನ್ನ ಕಂಪ್ಯೂಟರ್ ಜೋಡಿಸಿಯೇ ಕೊಡುವುದಿಲ್ಲ. ಫ್ರಾಂಕ್‌ಫರ್ಟಿನದ್ದು ಸಾಮಾನ್ಯವಾಗಿ 45 ನಿಮಿಷ. ಇದು ದಾರಿ ಗೊತ್ತಿದ್ದವನು, ಸಾಲು ಕಡಿಮೆ ಇದ್ದ ದಿನ, ಮೊದಲ ವಿಮಾನ ಹೇಳಿದ ಹೊತ್ತಿಗೆ ಬಂದರೆ ಆಗುವ ಮಾತು. ಮೊದಲ ಸಲ ಹೊರಟ ಕಾಕಾ-ಕಾಕುವಿನ ಲೆಕ್ಕ ಅಲ್ಲ.

75 ನಿಮಿಷ ಇದೆ ಎನ್ನಿ. ಮುಂಜಾನೆ 8:30ಕ್ಕೆ ಬರುವುದು, 9:45ಕ್ಕೆ ಸ್ಟುಟ್‌ಗಾರ್ಟ್ ವಿಮಾನ. 9:45 ಎಂದರೆ ವಿಮಾನ ಜಾಗ ಬಿಟ್ಟು ಕದಲುವ ಹೊತ್ತು. ಗೇಟು 15–20 ನಿಮಿಷ ಮೊದಲೇ ಮುಚ್ಚುತ್ತದೆ, ಅಂದರೆ 9:25ಕ್ಕೆ ನೀವು ಗೇಟಿನಲ್ಲಿರಬೇಕು. ಉಳಿದದ್ದು 55. ಈ ಕಡೆ 8:30 ಎಂದರೆ ವಿಮಾನ ಬಂದು ನಿಲ್ಲುವ ಹೊತ್ತು, ಬಾಗಿಲು ತೆರೆಯುವುದಕ್ಕೆ ಐದು ನಿಮಿಷ. ನೀವು 40ನೇ ಸಾಲಿನಲ್ಲಿ ಕುಳಿತಿದ್ದರೆ, ಮುಂದಿನವರೆಲ್ಲ ಮೇಲಿನಿಂದ ಒಂದೊಂದೇ ಚೀಲ ಇಳಿಸಿಕೊಂಡು, ಮಕ್ಕಳಿಗೆ ಸ್ವೆಟರ್ ತೊಡಿಸಿ ಹೊರಡುವಷ್ಟರಲ್ಲಿ ಇನ್ನೊಂದು ಹತ್ತು ನಿಮಿಷ. ಅಲ್ಲಿಗೆ ಕೈಯಲ್ಲಿ ಉಳಿದದ್ದು 40. ಈ 40ರಲ್ಲಿ ಸೆಕ್ಯುರಿಟಿ ಆಗಬೇಕು, ಯಾಕೆಂದರೆ ಭಾರತದಿಂದ ಬಂದವರನ್ನು ಅಲ್ಲಿ ಮತ್ತೊಮ್ಮೆ ತಪಾಸಣೆ ಮಾಡುತ್ತಾರೆ. ಪಾಸ್‌ಪೋರ್ಟ್ ಕಂಟ್ರೋಲ್ ಆಗಬೇಕು, ಯಾಕೆಂದರೆ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾದ ಮೇಲೆ ಓಡಾಡಬಹುದಾದ ಯುರೋಪಿನ ದೇಶಗಳು) ಮೊದಲು ಇಳಿದ ಊರಿನಲ್ಲೇ ಪ್ರವೇಶದ ಶಾಸ್ತ್ರ; ಸ್ಟುಟ್‌ಗಾರ್ಟಿನಲ್ಲಿ ಅಲ್ಲ. ಉದ್ದುದ್ದ ಕಾರಿಡಾರು ನಡೆಯಬೇಕು. ವಿಮಾನ ದೂರದಲ್ಲಿ ನಿಂತು ಬಸ್ಸಿನಲ್ಲಿ ಕರೆತಂದರೆ ಅದೂ ಇದರಲ್ಲೇ.

2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಯಲ್ಲಿ ಹೊಸ ಪದ್ಧತಿಯೊಂದು ಹಂತಹಂತವಾಗಿ ಬಂದಿದೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಮುಖ, ಬೆರಳಿನ ಗುರುತು ನೋಡಿ ಕಂಪ್ಯೂಟರಿನಲ್ಲಿ ದಾಖಲು ಮಾಡಿಕೊಳ್ಳುತ್ತಾರೆ. ಮೊದಲ ಸಲ ಹೋಗುವವರಿಗೆ ಇದರಿಂದ ಹೊತ್ತು ಹೆಚ್ಚು ಹಿಡಿಯುತ್ತದೆ. ಹಾಗಾಗಿ ಯುರೋಪಿನೊಳಗೇ ಮುಂದೆ ಹೋಗುವವರಿಗೆ ನಾನು ಈಗ ಎರಡು ತಾಸಿಗಿಂತ ಕಡಿಮೆ ಹಿಡಿಯುವುದಿಲ್ಲ. ಅದೇ ಫ್ರಾಂಕ್‌ಫರ್ಟಿನಿಂದ ಅಮೆರಿಕಕ್ಕೆ ಹೋಗುವವರು ಷೆಂಗೆನ್ ಒಳಗೆ ಹೋಗುವುದೇ ಇಲ್ಲ, ಈ ಸಾಲು ಅವರಿಗಿಲ್ಲ.

ದುಬೈ, ದೋಹಾದಲ್ಲಿ ಒಂದೇ ಕಂಪನಿಯ ಎರಡು ವಿಮಾನ, ಒಂದೇ ಟಿಕೆಟ್ ಆದರೆ ಒಂದೂವರೆ ತಾಸಿಗೆ ನಾನು ಹೂಂ ಎನ್ನುತ್ತೇನೆ. ಅಲ್ಲಿ ಇಮಿಗ್ರೇಷನ್ ಇಲ್ಲ, ಸೆಕ್ಯುರಿಟಿ ಮಾತ್ರ. ದುಬೈನ ಮೂರನೇ ಟರ್ಮಿನಲ್ಲಿನಲ್ಲಿ ‘ಎ’ ಗೇಟಿನಿಂದ ‘ಬಿ’ ಗೇಟಿಗೆ ರೈಲಿನಲ್ಲಿ ಹೋಗಬೇಕಾಗಬಹುದು. ದೋಹಾದಲ್ಲಿ ನಡುಮಧ್ಯೆ ತಲೆಗೆ ದೀಪದ ಬುರುಡೆ ಸಿಕ್ಕಿಸಿಕೊಂಡ ದೊಡ್ಡ ಹಳದಿ ಕರಡಿ ಕೂತಿದೆ. ಗುಂಪಿನಲ್ಲಿ ಹೋದವರು ತಪ್ಪಿಸಿಕೊಂಡರೆ ಅಲ್ಲೇ ಸೇರಿ ಎಂದು ಹೇಳಿ ಕಳಿಸುತ್ತೇನೆ. ಎರಡೂ ಕಡೆ ಹಿಂದಿ ನಡೆಯುತ್ತದೆ, ಕೇಳಲು ನಾಚಬೇಡಿ.

ಅಬುಧಾಬಿಯ ಲೆಕ್ಕ ಬೇರೆ. ಅಲ್ಲಿಂದ ಅಮೆರಿಕಕ್ಕೆ ಹೋಗುವವರಿಗೆ ಅಮೆರಿಕದ ಇಮಿಗ್ರೇಷನ್ ಅಬುಧಾಬಿಯಲ್ಲೇ ಮುಗಿಯುತ್ತದೆ. ಈ ವ್ಯವಸ್ಥೆ 2014ರಿಂದ ಇದೆ. ಆದ್ದರಿಂದ ಅಲ್ಲಿ ಮೂರು ತಾಸು ಬೇಕು. ಆದರೆ ಅಮೆರಿಕದಲ್ಲಿ ಇಳಿದಾಗ ನೀವು ಅಲ್ಲಿನ ದೇಶೀ ಪ್ರಯಾಣಿಕರಂತೆ ನೇರ ಹೊರಬೀಳುತ್ತೀರಿ. ವಯಸ್ಸಾದವರಿಗೆ ನಾನು ಇದನ್ನೇ ಇಷ್ಟಪಡುತ್ತೇನೆ. ಬೇರೆ ದಾರಿಯಿಂದ ಹೋದರೆ ನ್ಯೂಯಾರ್ಕ್, ಶಿಕಾಗೊ ಹೀಗೆ ಅಮೆರಿಕದಲ್ಲಿ ಮೊದಲು ಇಳಿದ ಊರಿನಲ್ಲಿ ಇಮಿಗ್ರೇಷನ್ ಮುಗಿಸಿ, ಬ್ಯಾಗನ್ನು ಸಾಮಾನ್ಯವಾಗಿ ಬೆಲ್ಟಿನಿಂದ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಿ, ಮತ್ತೆ ಸೆಕ್ಯುರಿಟಿಗೆ ನಿಲ್ಲಬೇಕು. ಟಿಕೆಟ್ ಒಂದೇ ಇದ್ದರೂ ಹೀಗೇ. ಅಲ್ಲಿ ಮೂರು ತಾಸು ಇಲ್ಲದ ಟಿಕೆಟ್ ಬೇಡ.

ಮೊದಲ ವಿಮಾನ ದಿನವೂ ಎಷ್ಟಕ್ಕೆ ಮುಟ್ಟುತ್ತದೆ ಎಂದು ದುಡ್ಡು ಕಟ್ಟುವ ಮೊದಲು ನೋಡಿಕೊಳ್ಳಿ. ಫ್ಲೈಟ್‌ರಾಡಾರ್24ರಲ್ಲಿ ವಿಮಾನದ ನಂಬರ್ ಹಾಕಿದರೆ ಹಿಂದಿನ ಕೆಲವು ದಿನಗಳ ದಾಖಲೆ ಬರುತ್ತದೆ. ದಿನಾ ನಲವತ್ತು ನಿಮಿಷ ತಡವಾಗಿ ಬರುವ ವಿಮಾನಕ್ಕೆ ನಿಮ್ಮ ದಿನ ಮಾತ್ರ ಸರಿಯಾಗಿ ಬಾ ಎಂದರೆ ಹೇಗೆ? ಆ ಊರಿಂದ ನಿಮ್ಮ ಕೊನೆಯ ಊರಿಗೆ ಅದೇ ದಿನ ಇನ್ನೆಷ್ಟು ವಿಮಾನ ಇವೆ ಎಂಬುದನ್ನೂ ನೋಡಿ. ಮೂರು ತಾಸಿಗೊಂದು ಇದ್ದರೆ ಸ್ವಲ್ಪ ಧೈರ್ಯ ಮಾಡಬಹುದು. ದಿನಕ್ಕೆ ಒಂದೇ ಇದ್ದರೆ, ತಪ್ಪಿದಾಗ ಹೋಗುವುದು ಒಂದಿಡೀ ದಿನ.

ಬ್ಯಾಗಿನ ಚೀಟಿ

ಚೆಕ್-ಇನ್ ಕೌಂಟರಿನಲ್ಲಿ ಬ್ಯಾಗಿನ ಹಿಡಿಕೆಗೆ ಉದ್ದನೆಯ ಬಿಳಿ ಪಟ್ಟಿ ಸುತ್ತುತ್ತಾರಲ್ಲ, ಅದು ಬೆಲ್ಟ್ ಮೇಲೆ ಹೋಗುವ ಮೊದಲು ಬಗ್ಗಿ ಓದಿ. ಮೂರಕ್ಷರದ ಕೋಡ್ ದೊಡ್ಡದಾಗಿ ಇರುತ್ತದೆ. ಸ್ಟುಟ್‌ಗಾರ್ಟ್ ಎಂದರೆ ಎಸ್‌ಟಿಆರ್, ಫ್ರಾಂಕ್‌ಫರ್ಟ್ ಎಫ್‌ಆರ್‌ಎ, ಬೆಂಗಳೂರು ಬಿಎಲ್‌ಆರ್. ದೊಡ್ಡಕ್ಷರದಲ್ಲಿ ಇರಬೇಕಾದದ್ದು ಕೊನೆಯ ಊರು. ಸ್ಟುಟ್‌ಗಾರ್ಟಿಗೆ ಹೋಗುವವರ ಪಟ್ಟಿಯ ಮೇಲೆ ಎಫ್‌ಆರ್‌ಎ ಮಾತ್ರ ಇದ್ದರೆ ಬ್ಯಾಗು ಫ್ರಾಂಕ್‌ಫರ್ಟಿನಲ್ಲೇ ಬೆಲ್ಟಿಗೆ ಬರುತ್ತದೆ, ನೀವು ಮುಂದೆ ಹೋಗಿರುತ್ತೀರಿ. ಕೌಂಟರಿನ ಹುಡುಗಿಗೆ ಅಲ್ಲೇ ಕೇಳಿ: "ಬ್ಯಾಗ್ ಎಲ್ಲಿಗೆ ಹೊಂಟೈತಿ?" ನಿಮ್ಮ ಕೈಗೆ ಕೊಡುವ ಸಣ್ಣ ಚೀಟಿಯಲ್ಲಿ ಹತ್ತಂಕಿಯ ನಂಬರ್ ಇರುತ್ತದೆ. ಅದರ ಜತೆಗೆ ಬ್ಯಾಗಿನದೂ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಕಳೆದ ಬ್ಯಾಗ್ ಹುಡುಕುವವರು ಬಣ್ಣ ಕೇಳುತ್ತಾರೆ, ನಮ್ಮವರು "ಕರೇದು" ಎನ್ನುತ್ತಾರೆ, ಎಲ್ಲರದೂ ಕರಿಯದೇ.

ಕಿರಿದಾದ ಅಂತರದಲ್ಲಿ ನೀವು ಓಡಿ ವಿಮಾನ ಹಿಡಿದರೂ ಬ್ಯಾಗ್ ಹಿಂದೆ ಉಳಿಯಬಹುದು. ಎರಡು ದಿನದ ಗುಳಿಗೆ, ಚಾರ್ಜರು, ಒಂದು ಜೊತೆ ಬಟ್ಟೆ, ಎಲ್ಲ ಕಾಗದಪತ್ರ ಕೈಚೀಲದಲ್ಲೇ ಇರಲಿ.

ಕೈಚೀಲದಲ್ಲಿ ಏನಿರಬಾರದು ಎಂಬುದಕ್ಕೂ ಕನೆಕ್ಷನ್ನಿಗೂ ನೇರ ಸಂಬಂಧವಿದೆ. ಸ್ಟೀಲ್ ಡಬ್ಬಿಯಲ್ಲಿ ಒತ್ತಿ ತುಂಬಿದ ಕುಂದಾ ಸ್ಕ್ಯಾನರಿನಲ್ಲಿ ಒಂದು ಕಪ್ಪು ಗಡ್ಡೆಯಾಗಿ ಕಾಣುತ್ತದೆ. ಬೆಲ್ಟ್ ನಿಲ್ಲುತ್ತದೆ, ನಿಮ್ಮ ಚೀಲ ಪಕ್ಕದ ಟ್ರೇ ಸಾಲಿಗೆ ಸರಿಯುತ್ತದೆ, ನಿಮ್ಮ ಮುಂದೆ ಇನ್ನೂ ನಾಲ್ಕು ಚೀಲ ಕಾಯುತ್ತಿರುತ್ತವೆ. ಕೈಗವಸು ತೊಟ್ಟವನು ಬಂದು ಮುಚ್ಚಳ ತೆರೆದು ಮೂಸಿ, ಇನ್ನೊಬ್ಬನನ್ನು ಕರೆದು ತೋರಿಸುವಷ್ಟರಲ್ಲಿ ಹದಿನೈದು ನಿಮಿಷ ಹೋಯಿತು. ಮೆತ್ತಗಿನದನ್ನೆಲ್ಲ ಅವರು ದ್ರವದ ಲೆಕ್ಕಕ್ಕೆ ಹಾಕಬಹುದು, ಸಾಮಾನ್ಯವಾಗಿ 100 ಮಿಲಿ ಮೀರುವಂತಿಲ್ಲ. ಯುರೋಪಿಗಾದರೆ ಹಾಲಿನ ಪದಾರ್ಥ ಒಯ್ಯುವುದಕ್ಕೇ ನಿಷೇಧವಿದೆ, ಕುಂದಾ ಮನೆಯಲ್ಲೇ ತಿಂದು ಹೊರಡಿ. ಉಪ್ಪಿನಕಾಯಿ, ತುಪ್ಪ, ಖಾರಪುಡಿ ಕೈಚೀಲಕ್ಕೆ ಬೇಡ. ಶೇಂಗಾ ಚಟ್ನಿಪುಡಿ ದೊಡ್ಡ ಬ್ಯಾಗಿಗೆ ಹೋಗಲಿ. ಅಮೆರಿಕದ ವಿಮಾನಗಳಲ್ಲಿ 350 ಮಿಲಿಗಿಂತ ಹೆಚ್ಚಿನ ಪುಡಿಯನ್ನು ಕೈಚೀಲದಲ್ಲಿ ಕಂಡರೆ ಪಕ್ಕಕ್ಕೆ ಎಳೆಯುತ್ತಾರೆ. ಕರದಂಟು, ಕಡಕ್ ರೊಟ್ಟಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ್ದರೆ ಯಾರೂ ಕೇಳಿದ್ದಿಲ್ಲ.

ಆ ದಿನ

ಹಿಂದಿನ ದಿನವೇ ಆನ್‌ಲೈನ್ ಚೆಕ್-ಇನ್ ಮಾಡಿ. ಮೊದಲ ಉದ್ದದ ವಿಮಾನದಲ್ಲಿ ಮುಂದಿನ ಸಾಲಿನ, ಕಾರಿಡಾರ್ ಬದಿಯ ಸೀಟು ಹಿಡಿಯಿರಿ. ಅದಕ್ಕೆ ಸಾವಿರ-ಎರಡು ಸಾವಿರ ಹೆಚ್ಚು ಕೇಳಿದರೆ ಕೊಡಿ. ಊಟದ ಆಯ್ಕೆಗೆ ಕೊಡುವುದಕ್ಕಿಂತ ಇದಕ್ಕೆ ಕೊಟ್ಟದ್ದು ಲಾಭ. ಕಂಪನಿಯ ಆ್ಯಪ್ ಇಳಿಸಿಕೊಂಡು ಪಿಎನ್‌ಆರ್ ಹಾಕಿಡಿ, ಗೇಟು ಬದಲಾದರೆ ಮೊದಲು ತಿಳಿಯುವುದು ಅದರಲ್ಲೇ. ರೋಮಿಂಗ್ ಪ್ಯಾಕ್ ಇಲ್ಲಿಂದಲೇ ಹಾಕಿಸಿ, ಕೆಲವು ಕಡೆ ಪುಕ್ಕಟೆ ವೈಫೈಗೂ ಫೋನಿಗೆ ಓಟಿಪಿ ಬರಬೇಕು.

ಟಿಕೆಟ್ಟಿನ ಮೇಲಿನ ಸಮಯಗಳೆಲ್ಲ ಆಯಾ ಊರಿನವು. ಗಡಿಯಾರವನ್ನು ಇಳಿಯುವ ಮೊದಲೇ ಆ ಊರಿಗೆ ತಿರುಗಿಸಿಕೊಳ್ಳಿ. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ, ದೋಹಾ ಎರಡೂವರೆ, ಜರ್ಮನಿ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ.

ವಿಮಾನ ಇಳಿಯಲು ಒಂದು ತಾಸು ಇರುವಾಗ ಗಗನಸಖಿಯನ್ನು ಕರೆದು ಮುಂದಿನ ವಿಮಾನದ ಚೀಟಿ ತೋರಿಸಿ, ಹೊತ್ತು ಕಡಿಮೆ ಇದೆ ಎಂದು ಹೇಳಿ. ಮುಂದಿನ ಗೇಟ್ ಎಲ್ಲಿ ಎಂಬುದು ಕೆಲವೊಮ್ಮೆ ಅವರ ಬಳಿ ಇರುತ್ತದೆ. ತೀರಾ ತಡವಾಗಿದ್ದರೆ ಕನೆಕ್ಷನ್ ಇದ್ದವರನ್ನು ಮೊದಲು ಇಳಿಸುವುದೂ ಉಂಟು. ಶೌಚಕ್ಕೆ ವಿಮಾನದಲ್ಲೇ ಹೋಗಿ ಬನ್ನಿ. ನೀರಿನ ಬಾಟಲಿ ಖಾಲಿ ಮಾಡಿ, ಬೆಲ್ಟು, ಗಡಿಯಾರ, ಜೇಬಿನ ಚಿಲ್ಲರೆ ಎಲ್ಲ ಕೈಚೀಲಕ್ಕೆ ಸೇರಿಸಿ. ಇಳಿದ ಮೇಲೆ ಬೋರ್ಡ್‌ಗಳಲ್ಲಿ ‘ಟ್ರಾನ್ಸ್‌ಫರ್’ ಅಥವಾ ‘ಕನೆಕ್ಷನ್ಸ್’ ಎಂದಿರುವ ಕಡೆ ನಡೆಯಿರಿ. ಎಲ್ಲರೂ ಹೋಗುತ್ತಿದ್ದಾರೆಂದು ‘ಅರೈವಲ್ಸ್’ ಕಡೆ ಹೋದರೆ ಇಮಿಗ್ರೇಷನ್ ಸಾಲಿನಲ್ಲಿ ಸಿಕ್ಕಿಬೀಳುತ್ತೀರಿ. ಮೊದಲು ಸಿಗುವ ಸ್ಕ್ರೀನಿನಲ್ಲಿ ಗೇಟ್ ನೋಡಿ. ಊರಿನ ಹೆಸರಲ್ಲಿ ಹುಡುಕಬೇಡಿ, ವಿಮಾನದ ನಂಬರಿನಲ್ಲಿ ಹುಡುಕಿ. ಒಂದೇ ವಿಮಾನಕ್ಕೆ ಎರಡು ಮೂರು ಕಂಪನಿಗಳ ನಂಬರ್ ಇರುತ್ತದೆ. ಟಿಕೆಟ್ಟಿನಲ್ಲಿ ‘ಆಪರೇಟೆಡ್ ಬೈ’ ಎಂದು ಯಾರ ಹೆಸರಿದೆಯೋ ಆ ಕಂಪನಿಯ ಟರ್ಮಿನಲ್ಲೇ ನಿಮ್ಮ ಟರ್ಮಿನಲ್.

ಸೆಕ್ಯುರಿಟಿ ಸಾಲು ಉದ್ದವಿದ್ದರೆ ಸುಮ್ಮನೆ ನಿಲ್ಲಬೇಡಿ. ಅಲ್ಲಿನ ಸಿಬ್ಬಂದಿಗೆ ಚೀಟಿಯ ಮೇಲಿನ ಸಮಯಕ್ಕೆ ಬೆರಳಿಟ್ಟು ತೋರಿಸಿ. ಇಂಗ್ಲಿಷ್ ಬಾರದವರಿಗೂ ಇದು ಸಾಕು, ಎಷ್ಟೋ ಸಲ ಪಕ್ಕದ ಸಾಲಿಗೆ ಬಿಡುತ್ತಾರೆ. ಡ್ಯೂಟಿ ಫ್ರೀ ಅಂಗಡಿಗೆ ಹೋಗುವುದು ನಿಮ್ಮ ಗೇಟು ಕಣ್ಣಿಗೆ ಬಿದ್ದ ಮೇಲೆ.

ವಯಸ್ಸಾದ ತಂದೆತಾಯಿಗೆ ಗಾಲಿಕುರ್ಚಿ ಹೇಳಿ ಎಂದು ಮಕ್ಕಳು ಅಮೆರಿಕದಿಂದ ಫೋನ್ ಮಾಡುತ್ತಾರೆ. ಮಂಡಿನೋವಿದ್ದವರಿಗೆ ಖಂಡಿತ ಹೇಳುತ್ತೇನೆ, 48 ತಾಸು ಮೊದಲೇ ಹೇಳಬೇಕು. ಆದರೆ ಚೆನ್ನಾಗಿ ನಡೆಯುವವರಿಗೆ, ದಾರಿ ಗೊತ್ತಾಗದು ಎಂಬ ಕಾರಣಕ್ಕಷ್ಟೇ, ಎರಡು ತಾಸಿನೊಳಗಿನ ಕನೆಕ್ಷನ್ನಿಗೆ ಗಾಲಿಕುರ್ಚಿ ಹೇಳಿದರೆ ಕೆಲವೊಮ್ಮೆ ಉಲ್ಟಾ ಹೊಡೆಯುತ್ತದೆ. ಎಲ್ಲರೂ ಇಳಿದ ಮೇಲೆ ಇವರನ್ನು ಇಳಿಸುತ್ತಾರೆ, ತಳ್ಳುವವರು ಬರುವವರೆಗೆ ಬಾಗಿಲ ಬಳಿ ಕೂಡಬೇಕು. ಅಂಥವರಿಗೆ ‘ಮೀಟ್ ಆ್ಯಂಡ್ ಅಸಿಸ್ಟ್’ ಸಿಗುತ್ತದೋ ಎಂದು ಕಂಪನಿಯನ್ನು ಕೇಳಿ. ಬಾಗಿಲಲ್ಲೇ ಒಬ್ಬರು ನಿಂತು ಗೇಟಿನವರೆಗೆ ಕರೆದೊಯ್ಯುತ್ತಾರೆ. ಇದ್ಯಾವುದೂ ಇಲ್ಲದಿದ್ದರೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ವಿಮಾನದ ನಂಬರ್, ಸಮಯ, ಮಗಳ ಫೋನ್ ನಂಬರ್ ಬರೆದ ಒಂದು ಕಾರ್ಡು ಸೆರಗಿಗೋ ಜೇಬಿಗೋ ಇರಲಿ.

ತಪ್ಪಿಯೇ ಹೋದರೆ

ಹೊರಗೆ ಹೋಗಬೇಡಿ. ಇಮಿಗ್ರೇಷನ್ ದಾಟದೆ ಒಳಗಿರುವ ಟ್ರಾನ್ಸ್‌ಫರ್ ಡೆಸ್ಕಿಗೆ ಹೋಗಿ. ಅಲ್ಲಿ ಸಾಲು ಇದ್ದರೆ ಸಾಲಿನಲ್ಲಿ ನಿಂತುಕೊಂಡೇ ಆ್ಯಪ್ ತೆರೆಯಿರಿ. ಎಷ್ಟೋ ಸಲ ನೀವು ಡೆಸ್ಕ್ ಮುಟ್ಟುವ ಮೊದಲೇ ಕಂಪ್ಯೂಟರ್ ನಿಮ್ಮನ್ನು ಮುಂದಿನ ವಿಮಾನಕ್ಕೆ ಹಾಕಿರುತ್ತದೆ. ಟಿಕೆಟ್ ಮಾಡಿಸಿದವರಿಗೂ ಫೋನ್ ಹಚ್ಚಿ. ಅವರು ಕೊಟ್ಟ ವಿಮಾನ ಹೊಂದದಿದ್ದರೆ ಬೇರೆ ದಾರಿಯ ವಿಮಾನವನ್ನು ನೀವೇ ಹುಡುಕಿ, ಇದರಲ್ಲಿ ಹಾಕಿ ಎಂದು ಕೇಳಿ. ಸುಮ್ಮನೆ ಜಗಳ ಮಾಡುವವರಿಗಿಂತ ವಿಮಾನದ ನಂಬರ್ ಹಿಡಿದು ಕೇಳುವವರ ಕೆಲಸ ಬೇಗ ಆಗುತ್ತದೆ.

ಊಟದ ಕೂಪನ್, ರಾತ್ರಿ ಉಳಿಯಬೇಕಾದರೆ ಹೋಟೆಲ್ ಕೇಳಿ ಪಡೆಯಿರಿ. ಕೇಳದವರಿಗೆ ಎಲ್ಲ ಕಡೆ ಕೊಡುವುದಿಲ್ಲ. ಆ ದೇಶದ ವೀಸಾ ಇಲ್ಲದಿದ್ದರೆ ಹೊರಗಿನ ಹೋಟೆಲ್ಲಿಗೆ ಬಿಡದಿರಬಹುದು, ಒಳಗೇ ಮಲಗುವ ವ್ಯವಸ್ಥೆ ಇದೆಯೇ ಎಂದು ವಿಚಾರಿಸಿ. ಬ್ಯಾಗು ಯಾವ ವಿಮಾನಕ್ಕೆ ಹೋಗುತ್ತದೆ ಎಂದು ಕೇಳಲು ಮರೆಯಬೇಡಿ. ಯುರೋಪಿನ ವಿಮಾನ ನಿಲ್ದಾಣದಿಂದ ಹೊರಟವರಿಗೆ, ಅಥವಾ ಯುರೋಪಿನ ಕಂಪನಿಯಲ್ಲಿ ಯುರೋಪಿಗೆ ಹೋದವರಿಗೆ, 2004ರ 261ನೇ ನಿಯಮದ ಪ್ರಕಾರ ಇಂಥ ಸೌಲಭ್ಯ ಹಕ್ಕಾಗಿ ಬರುತ್ತದೆ. ತಪ್ಪು ಕಂಪನಿಯದಾಗಿದ್ದು ಕೊನೆಯ ಊರಿಗೆ ಬಹಳ ತಡವಾಗಿ ಮುಟ್ಟಿದರೆ ಪರಿಹಾರವನ್ನೂ ಕೇಳಬಹುದು. ಬೋರ್ಡಿಂಗ್ ಪಾಸ್ ಹರಿದು ಎಸೆಯಬೇಡಿ.

ಎರಡು ಟಿಕೆಟ್ಟಿನವರಾಗಿದ್ದರೆ ಇದ್ಯಾವುದೂ ಸಿಗುವುದಿಲ್ಲ. ಅವರು ಮಾಡಬೇಕಾದದ್ದು ವಿಮಾನ ತಪ್ಪುವ ಮೊದಲು. ಸಾಂಬ್ರಾದಲ್ಲಿ ತಡ ಎಂದು ಗೊತ್ತಾದ ಕ್ಷಣ ಎರಡನೆಯ ಕಂಪನಿಗೆ ಫೋನ್ ಮಾಡಿ ದಿನ ಬದಲಿಸಿ. ಬದಲಿಸುವ ಶುಲ್ಕ ಕೊಡಬೇಕಾಗುತ್ತದೆ, ಆದರೆ ನೋ-ಶೋ ಆದ ಮೇಲೆ ಬದಲಿಸಲು ಏನೂ ಉಳಿದಿರುವುದಿಲ್ಲ. ಪ್ರಯಾಣದ ಇನ್ಶೂರೆನ್ಸ್ ಇದೆ ಎಂದು ನೆಚ್ಚಿಕೊಂಡವರು ‘ಮಿಸ್ಡ್ ಕನೆಕ್ಷನ್’ ಎಂಬ ಭಾಗವನ್ನು ಕೊಳ್ಳುವ ಮೊದಲು ಓದಿ. ಇಷ್ಟು ತಾಸಿಗಿಂತ ಹೆಚ್ಚು ತಡವಾದರೆ ಮಾತ್ರ ಎಂಬ ಷರತ್ತು ಇರುತ್ತದೆ.

ವಾಪಸು ಬರುವಾಗ

ಬರುವಾಗ ಇಮಿಗ್ರೇಷನ್, ಕಸ್ಟಮ್ಸ್ ಬೆಂಗಳೂರಿನಲ್ಲೇ. ಬ್ಯಾಗನ್ನೂ ಅಲ್ಲೇ ತೆಗೆದುಕೊಂಡು ಸಾಂಬ್ರಾ ವಿಮಾನಕ್ಕೆ ಮತ್ತೆ ಒಪ್ಪಿಸಬೇಕು. ಕನಿಷ್ಠ ನಾಲ್ಕು ತಾಸು ಇಡಿ. ಮೇಲಿಂದ ಮೇಲೆ ಓಡಾಡುವವರು ಗೃಹ ಸಚಿವಾಲಯದ ‘ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್’ ಯೋಜನೆಗೆ ಹೆಸರು ಹಚ್ಚಿ. 2024ರಲ್ಲಿ ದೆಹಲಿಯಲ್ಲಿ ಶುರುವಾಗಿ 2025ರ ಜನವರಿಯಿಂದ ಬೆಂಗಳೂರಿನಲ್ಲೂ ಇದೆ. ಭಾರತೀಯರಿಗೆ ಶುಲ್ಕವಿಲ್ಲ. ಆನ್‌ಲೈನಿನಲ್ಲಿ ಅರ್ಜಿ ಹಾಕಿ, ಒಪ್ಪಿಗೆ ಬಂದ ಮೇಲೆ ಹೋಗುವ ದಿನ ವಿಮಾನ ನಿಲ್ದಾಣದಲ್ಲೇ ಬೆರಳಚ್ಚು, ಫೋಟೊ ಕೊಟ್ಟರೆ ಬರುವಾಗ ಯಂತ್ರದ ಗೇಟಿನಲ್ಲಿ ಹೊರಬೀಳಬಹುದು. ಅದಾದ ಮೇಲೂ ಬೆಲ್ಟಿನ ಹತ್ತಿರ ಬ್ಯಾಗಿಗೆ ಕಾಯುವುದು ಇದ್ದೇ ಇದೆ, ಅದಕ್ಕೇ ಸಾಂಬ್ರಾದ ಟಿಕೆಟ್ಟನ್ನು ಸಂಜೆಯ ವಿಮಾನಕ್ಕೆ ಮಾಡಿಸಿ.